ಇಂಕು ಕುಡಿದವರು ಯಾರು?

ಟೈಲರಕ್ಕನ ಪರೀಕ್ಷೆಗೆ ಇನ್ನು ಹನ್ನೆರಡೇ ದಿನ. ಹಳೆಯ ಪ್ರಶ್ನೆಪತ್ರಿಕೆಯೊಂದರ ಮೂರನೇ ಹಾಳೆ ಅರ್ಧ ಹೊರಗೆ ಬಂದಿತ್ತು, ಅಷ್ಟರಲ್ಲಿ ಪ್ರಿಂಟರಿನ ಕೆಂಪು ದೀಪ ಮಿನುಗತೊಡಗಿತು. ಕಂಪ್ಯೂಟರಿನ ಪರದೆಯ ಮೇಲೆ ಸೂಚನೆ ಬಂತು: ಇಂಕು ಮುಗಿಯುತ್ತಿದೆ, ಹೊಸ ಕಾರ್ಟ್ರಿಜ್ ಹಾಕಿ.

"ಮತ್ತೆ ಮುಗೀತಾ!" ಎಂದಳು ಟೈಲರಕ್ಕ. ಹೊಸದು ಹಾಕಿ ತಿಂಗಳೂ ಆಗಿರಲಿಲ್ಲ.

ಹದಿನೆಂಟು ವರ್ಷ ಅಕ್ಕಪಕ್ಕದವರ ಬಟ್ಟೆ ಹೊಲಿದ ಕೈ ಅವಳದು. ಈಗ ತರಬೇತಿ ಕೇಂದ್ರದಲ್ಲಿ ಹೊಲಿಗೆ ಟೀಚರ್ ಆಗಬೇಕೆಂದು ಹಟ ಹಿಡಿದಿದ್ದಳು. ಪರೀಕ್ಷೆಯಲ್ಲಿ ಕೊಟ್ಟ ಅಳತೆಗೆ ಬಟ್ಟೆ ಕತ್ತರಿಸುವ ಗೆರೆ ಎಳೆದು ತೋರಿಸಬೇಕು. ಅದನ್ನು ಪರದೆ ನೋಡಿ ಕಲಿಯಲಾಗದು, ಕಾಗದವೇ ಬೇಕು. ಹೊಲಿಗೆ ಮುಗಿಸಿ ಏಳುವಷ್ಟರಲ್ಲಿ ಜೆರಾಕ್ಸ್ ಅಂಗಡಿ ಬಾಗಿಲು ಹಾಕಿರುತ್ತಿತ್ತು. ಅದಕ್ಕೇ ಮನೆಗೆ ಪ್ರಿಂಟರ್ ಬಂದಿತ್ತು.

ಗಂಡ ನೀರಿನ ಪಂಪ್‌ಹೌಸಿನಲ್ಲಿ ಆಪರೇಟರ್. ಪಾಳಿ ಮುಗಿಸಿ ಬಂದವನು ಕೆಂಪು ದೀಪ ನೋಡಿ ಮುಖ ಸಿಂಡರಿಸಿದ.

"ಇದು ಪ್ರಿಂಟರಲ್ಲ ಕಣೇ, ಹೊಟ್ಟೆಬಾಕ. ಸಾಕು ಬಿಡು. ಈ ವಯಸ್ಸಲ್ಲಿ ಪರೀಕ್ಷೆ ಯಾಕೆ ಅಂತ ನಾನು ಆಗ್ಲೇ ಹೇಳ್ದೆ."

"ಪರೀಕ್ಷೆ ಬಿಡೋ ಮಾತೊಂದು ಆಡ್ಬೇಡಿ ರೀ."

"ಹಾಗಾದ್ರೆ ಇದನ್ನ ಗುಜರಿಗೆ ಹಾಕು. ಎರಡು ಕಾರ್ಟ್ರಿಜ್ ದುಡ್ಡಿಗೆ ಹೊಸ ಮಷೀನೇ ಬರುತ್ತೆ, ಒಳಗೆ ಇಂಕೂ ಇರುತ್ತೆ."

ಟೈಲರಕ್ಕ ಪ್ರಿಂಟರಿನ ವೈರು ಸುತ್ತಿದಳು. "ಒಂದು ಕಾರ್ಟ್ರಿಜ್ ಅಂದ್ರೆ ನಾನು ಆರು ಫ್ರಾಕು ಹೊಲಿದ ಕೂಲಿ. ನನ್ನ ಆರು ಫ್ರಾಕು ಎಲ್ಲಿ ಹೋಯ್ತು ಅಂತ ಗೊತ್ತಾಗೋವರೆಗೂ ನಾನು ಬಿಡೋದಿಲ್ಲ."

ಪ್ರಿಂಟರನ್ನು ಮಗುವಿನಂತೆ ಎತ್ತಿಕೊಂಡು ಅವಳು ಮಹಡಿ ಹತ್ತಿದಳು. ಗಂಡ ಗೊಣಗುತ್ತಾ ಹಿಂದೆಯೇ ಬಂದ.

ಮಹಡಿ ಮನೆಯಲ್ಲಿದ್ದವರು ಸ್ಕ್ರೂಡ್ರೈವರಕ್ಕ. ಇಪ್ಪತ್ತೈದು ವರ್ಷ ಆಫೀಸುಗಳ ಯಂತ್ರ ರಿಪೇರಿ ಮಾಡಿ ನಿವೃತ್ತರಾದವರು. ಇವತ್ತಿಗೂ ತುರುಬಿನಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು.

"ಇಂಕು ಮುಗಿದಿದೆ ಅಂತ ಯಾರು ಹೇಳಿದ್ದು?" ಎಂದು ಕೇಳಿದರು, ಟೈಲರಕ್ಕನ ದೂರು ಕೇಳಿಸಿಕೊಂಡು.

"ಮಷೀನೇ ಹೇಳ್ತಲ್ಲ ಅಕ್ಕಾ."

"ಅದು ಹೇಳಿದ್ದು ಮುಗೀತಾ ಬಂತು ಅಂತ. ಮುಗೀತು ಅಂತ ಅಲ್ಲ. ಮುಂಚೆನೇ ಕೂಗೋದು ಅದರ ಗುಣ. ನೀನು ಸೂಚನೆ ಪಕ್ಕಕ್ಕೆ ಸರಿಸಿ ಮುಂದುವರಿಸು. ಅಕ್ಷರ ಮಾಸಿದಾಗ ಬದಲಾಯಿಸಿದ್ರೆ ಸಾಕು."

ಅವರ ಕಂಪ್ಯೂಟರಿಗೆ ಜೋಡಿಸಿ ಪ್ರಿಂಟ್ ಕೊಟ್ಟರು. ಒಂದು ಹಾಳೆ ಬಂತು, ಎರಡು ಬಂತು. ಗಂಡ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಹತ್ತೊಂಬತ್ತು ಹಾಳೆ ಬಂದರೂ ಅಕ್ಷರ ಕಪ್ಪಗೇ ಇತ್ತು.

"ಸರಿ, ಇದು ಒಂದು. ಆದ್ರೆ ತಿಂಗಳೊಳಗೇ ಇಷ್ಟು ಹೇಗೆ ಇಳೀತು?" ಟೈಲರಕ್ಕ ಪಟ್ಟು ಬಿಡಲಿಲ್ಲ.

ಸ್ಕ್ರೂಡ್ರೈವರಕ್ಕ ಪ್ಲಗ್ ತೆಗೆದು ಮತ್ತೆ ಹಾಕಿದರು. ಪ್ರಿಂಟರ್ ಗರಗರ ಎಂದು ಒಂದು ನಿಮಿಷ ಸದ್ದು ಮಾಡಿತು.

"ಈ ಸದ್ದು ಮನೇಲಿ ಯಾವಾಗ ಬರುತ್ತೆ?"

"ದಿನಾ ಬರುತ್ತೆ ಅಕ್ಕಾ, ಸ್ವಿಚ್ ಹಾಕಿದ ತಕ್ಷಣ."

"ಅದು ಬಾಯಿ ತೊಳ್ಕೊಳ್ತಿದೆ. ನೀರಲ್ಲಲ್ಲ, ಇಂಕಲ್ಲಿ. ದಿನಾ ಗೋಡೆ ಸ್ವಿಚ್ ಆರಿಸೋರು ಯಾರು?"

ಟೈಲರಕ್ಕ ಗಂಡನ ಕಡೆ ನೋಡಿದಳು. ಗಂಡ ಫ್ಯಾನಿನ ಕಡೆ ನೋಡಿದ.

"ಕರೆಂಟು ಉಳಿಸೋಣ ಅಂತ..." ಅವನ ದನಿ ಇಳಿಯಿತು. "ಅಷ್ಟಕ್ಕೆಲ್ಲ ಇಂಕು ಖಾಲಿಯಾಗುತ್ತಾ? ನಾನು ನಂಬಲ್ಲ."

"ಅಣ್ಣಾ, ನಿಮ್ಮ ಪಂಪು ಒಣಗಿದ್ರೆ ಶುರು ಮಾಡೋ ಮುಂಚೆ ಏನು ಮಾಡ್ತೀರಿ?"

"ನೀರು ತುಂಬ್ತೀವಿ."

"ದಿನಾ ಯಾರೋ ಬಂದು ಅದನ್ನ ಒಣಗಿಸಿ ಹೋದ್ರೆ?"

"ಅಂಥವನನ್ನ ಪಂಪ್‌ಹೌಸಿನ ಹೊಸ್ತಿಲು ದಾಟೋಕೆ ಬಿಡಲ್ಲ!" ಎಂದ ಗಂಡ. ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಹೊಳೆಯಿತು. ತಲೆ ಕೆರೆದುಕೊಂಡ.

"ಪ್ರಿಂಟರಲ್ಲೇ ಒಂದು ಬಟನ್ ಇದೆ, ಅದರಿಂದ ಆರಿಸಿ. ಆಗ ಇಂಕು ಬರೋ ಬಾಯಿಗೆ ಅದು ತಾನೇ ಮುಚ್ಚಳ ಹಾಕ್ಕೊಳ್ಳುತ್ತೆ, ಒಣಗೋದಿಲ್ಲ. ಆಮೇಲೆ ಬೇಕಾದ್ರೆ ಗೋಡೆ ಸ್ವಿಚ್ ಆರಿಸ್ಕೊಳ್ಳಿ."

"ಹೊಸ ಮಷೀನ್ ತಂದಿದ್ರೆ ಇವೆಲ್ಲ ತಾಪತ್ರಯ ತಪ್ತಿತ್ತಲ್ವಾ?" ಗಂಡ ಕೊನೆಯದಾಗಿ ಕೇಳಿದ.

"ಹೊಸದರ ಜೊತೆ ಬರೋ ಕಾರ್ಟ್ರಿಜ್ ಎಷ್ಟೋ ಸಲ ಅರ್ಧಂಬರ್ಧ ತುಂಬಿರುತ್ತೆ ಅಣ್ಣಾ. ಮಷೀನು ಅಗ್ಗ, ಇಂಕು ತುಟ್ಟಿ. ವ್ಯಾಪಾರ ನಡೆಯೋದೇ ಹಾಗೆ."

ಆಮೇಲೆ ಅವರು ಟೈಲರಕ್ಕನ ಕೈಗೇ ಮೌಸ್ ಕೊಟ್ಟು ಸೆಟ್ಟಿಂಗ್ ಬದಲಿಸುವುದನ್ನು ಕಲಿಸಿದರು. ಓದಿಗೆ ಬೇಕಾದ ಹಾಳೆಗೆ ಇಂಕು ಕಡಿಮೆ ಹಿಡಿಯುವ ಡ್ರಾಫ್ಟ್. ಬಣ್ಣ ಬೇಡವಾದರೆ ಬರೀ ಕಪ್ಪು. ಹಾಳೆಯ ಒಂದು ಮಗ್ಗುಲಲ್ಲಿ ಎರಡು ಪುಟ.

ಹನ್ನೆರಡು ದಿನವೂ ಟೈಲರಕ್ಕ ಗೆರೆ ಎಳೆದಳು, ತಪ್ಪಿದಳು, ಮತ್ತೆ ಎಳೆದಳು. ಅದೇ ಕಾರ್ಟ್ರಿಜ್ ಪರೀಕ್ಷೆಯವರೆಗೂ ಬಂತು. ಗಂಡ ತಾನೇ ಬಟನ್ ಒತ್ತಿ ಪ್ರಿಂಟರ್ ಆರಿಸುತ್ತಿದ್ದ. ಪಂಪ್‌ಹೌಸಿನ ಗೆಳೆಯರಿಗೂ ಪಾಠ ಹೇಳತೊಡಗಿದ್ದ, ಎಲ್ಲ ತನಗೆ ಮೊದಲಿನಿಂದ ಗೊತ್ತಿತ್ತು ಎನ್ನುವ ಹಾಗೆ. ಪರೀಕ್ಷೆಯ ಫಲಿತಾಂಶ ಬಂತು. ಆಯ್ಕೆಯಾದವರು ಮೂವರು. ಮೂರನೆಯ ಹೆಸರು ಟೈಲರಕ್ಕನದು.

ಕೆಲಸಕ್ಕೆ ಸೇರಿದ ತಿಂಗಳಲ್ಲೇ ಕೇಂದ್ರಕ್ಕೆ ಒಂದು ಪ್ರಿಂಟರ್ ಬೇಕಾಯಿತು. ಕೊಳ್ಳಲು ಹೋದವಳು ಟೈಲರಕ್ಕನೇ. ಅಂಗಡಿಯವನು ಎಲ್ಲಕ್ಕಿಂತ ಅಗ್ಗದ್ದನ್ನು ಮುಂದಿಟ್ಟು, "ಮೇಡಂ, ಈ ಬೆಲೆ ಬೇರೆಲ್ಲೂ ಸಿಗಲ್ಲ" ಎಂದ.

"ಬೆಲೆ ಆಮೇಲೆ ಹೇಳಿ," ಎಂದಳು ಟೈಲರಕ್ಕ. "ಇದರ ಕಾರ್ಟ್ರಿಜ್ ಎಷ್ಟು? ಅದರಲ್ಲಿ ಎಷ್ಟು ಹಾಳೆ ಬರುತ್ತೆ? ಅಂದ್ರೆ ಒಂದು ಹಾಳೆಗೆ ಎಷ್ಟು ಬಿತ್ತು?"

ಅಂಗಡಿಯವನು ಕ್ಯಾಲ್ಕುಲೇಟರ್ ಒತ್ತಿದ. ಬಂದ ಲೆಕ್ಕ ನೋಡಿ ಅಗ್ಗದ್ದನ್ನು ಪಕ್ಕಕ್ಕೆ ಸರಿಸಿದ. ಒಳಗೆ ಹೋಗಿ, ಬಾಟಲಿಯಿಂದ ಇಂಕು ತುಂಬುವ ಇನ್ನೊಂದು ಪ್ರಿಂಟರ್ ತಂದಿಟ್ಟ. "ಇದು ಮಷೀನು ತುಟ್ಟಿ, ಹಾಳೆ ಅಗ್ಗ ಮೇಡಂ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಪ್ರಿಂಟರ್ ಇದೆಯೇ? ಹಾಗಾದರೆ ಇವತ್ತೇ ಹೋಗಿ ಅದರ ಬಟನ್ ಎಲ್ಲಿದೆ ನೋಡಿ. ಕೆಂಪು ದೀಪಕ್ಕೆ ಹೆದರಿ ಅಂಗಡಿಗೆ ಓಡಬೇಡಿ. ತಿಂಗಳಿಗೆ ನಾಲ್ಕೇ ಹಾಳೆ ಬೇಕಾದವರು ಪ್ರಿಂಟರ್ ಕೊಳ್ಳಲೇಬೇಡಿ, ಜೆರಾಕ್ಸ್ ಅಂಗಡಿಯೇ ಲೇಸು. ಹೆಚ್ಚು ಬೇಕಾದವರು ನಾಲ್ಕು ಮನೆ ಸೇರಿ ಒಂದು ಒಳ್ಳೆಯದನ್ನು ಕೊಳ್ಳಿ. ಕೊಳ್ಳುವ ಮುಂಚೆ, ಅಂಗಡಿಯವನು ಎಷ್ಟೇ ಅವಸರ ಮಾಡಲಿ, ನಾಚಿಕೆ ಬಿಟ್ಟು ಗಟ್ಟಿಯಾಗಿ ಕೇಳಿ: "ಒಂದು ಹಾಳೆಗೆ ಎಷ್ಟು?"