ಒಂದೂಕಾಲು ಅಂಗುಲ

ನನ್ನ ಹೆಂಡತಿ ತೀರಿಕೊಂಡ ಏಳನೆಯ ವಾರದಲ್ಲಿ ಅವಳ ಬೇಸ್ ಗಿಟಾರಿನ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡೆ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದವಳು ಒಂಬತ್ತನೆಯ ದಿನ ನನ್ನನ್ನು ಹತ್ತಿರ ಕರೆದು, ಅದನ್ನು ಮುಗಿಸಿ ತಂಗಿಗೆ ಕೊಡಿ ಎಂದಿದ್ದಳು. ನೀನು ಅಂದುಕೊಂಡ ಹಾಗೆಯೇ ಮುಗಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳಿಗೆ ಕೊಟ್ಟ ಮಾತುಗಳು ಎಷ್ಟೋ ಹುಸಿಯಾಗಿವೆ. ಇದೊಂದು ಹಾಗಾಗದಿರಲಿ ಎಂದು ದೇವರಲ್ಲಿ ಬೇಡಿಕೊಂಡೇ ಕೆಲಸಕ್ಕೆ ಕುಳಿತೆ.

ನಾನು ಬಾಗಿಲು ಕಿಟಕಿ ಮಾಡುವ ಬಡಗಿ. ಅವಳು ಮದುವೆಗೆ ಮುಂಚೆ ಒಂದು ವಾದ್ಯಮೇಳದಲ್ಲಿ ಬೇಸ್ ನುಡಿಸುತ್ತಿದ್ದಳು. ಮಕ್ಕಳು ಮರಿ ಎಂದು ಇಪ್ಪತ್ತು ವರ್ಷ ಅದನ್ನು ಮುಟ್ಟಲಿಲ್ಲ. ನಮ್ಮ ಪ್ರಾರ್ಥನಾ ಮಂದಿರದಲ್ಲಿ ಹಾಡುವವರ ಗುಂಪು ಕೂಡಿದಾಗ ಮಂದಿರದ್ದೇ ಒಂದು ಹಳೆಯ ಬೇಸನ್ನು ಹಿಡಿದು ಮತ್ತೆ ನಿಂತಳು. ಅದು ನಾಲ್ಕು ದಪ್ಪ ತಂತಿಗಳ, ತಗ್ಗು ದನಿಯ ಗಿಟಾರು. ಮನೆಗೆ ಅಡಿಪಾಯ ಇದ್ದ ಹಾಗೆ ಹಾಡಿಗೆ ಇದು, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ, ಎನ್ನುತ್ತಿದ್ದಳು. ಅಡಿಪಾಯವನ್ನು ಯಾರೂ ಹೆಗಲಿಗೆ ನೇತುಹಾಕಿಕೊಂಡು ತಿರುಗುವುದಿಲ್ಲ ಎಂದು ನಾನು ರೇಗಿಸುತ್ತಿದ್ದೆ.

ಆ ಭಾರ ತಾಳಲಾರದೆ ತನ್ನದೇ ಒಂದನ್ನು ಮಾಡಿಸಿಕೊಳ್ಳುವ ಮನಸ್ಸು ಮಾಡಿದಳು. ಒಡಲನ್ನು ನಾನು ಯಾವುದೋ ಕಚೇರಿಯವರು ಹೊರಗೆಸೆದ ಮೇಜಿನ ಹಲಗೆಯಿಂದ ಕೊಯ್ದೆ. ತಂತಿ ಬಿಗಿಯುವ ಬಿರಡೆಗಳಲ್ಲಿ ಮೂರು ಒಂದು ಜಾತಿಯವು, ನಾಲ್ಕನೆಯದು ಎಲ್ಲಿಯದೋ. ದನಿ ಹಿಡಿಯುವ ಪಿಕಪ್ಪು ಮುರಿದ ಗಿಟಾರೊಂದರಿಂದ ಬಂದದ್ದು. ಬೆರಳೊತ್ತಿ ನುಡಿಸುವ ಉದ್ದನೆಯ ಕತ್ತನ್ನೂ, ತಂತಿಗಳ ಬುಡವನ್ನು ಒಡಲಿಗೆ ಹಿಡಿದು ನಿಲ್ಲಿಸುವ ಬ್ರಿಜ್ಜನ್ನೂ ಪೇಟೆಯ ವಾದ್ಯದಂಗಡಿಯಿಂದ ತಂದಳು. ಆ ಅಂಗಡಿಯವನನ್ನು ಎಲ್ಲರೂ ತಂತಿ ಎಂದೇ ಕರೆಯುತ್ತಾರೆ. ನಾಲ್ಕು ಮನೆಗಳಿಂದ ಬಂದ ಸೊಸೆಯರ ಹಾಗೆ ಆ ಭಾಗಗಳು ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಅವಳು ಒಂದೊಂದನ್ನೂ ಒರೆಸಿ, ನಯಮಾಡಿ, ಇವಳಿಗೆ ಇವಳು ಹೊಂದುತ್ತಾಳೆ ನೋಡಿ ಎಂದು ನನಗೆ ತೋರಿಸುತ್ತಿದ್ದಳು.

ಕತ್ತು ಕೂರುವ ಗುಳಿಯನ್ನು ನಾನು ಉಳಿಯಿಂದ ತೆಗೆದ ದಿನ, ಅವಳು ಕತ್ತನ್ನು ಅದರಲ್ಲಿ ಕೂರಿಸಿ, ಬ್ರಿಜ್ಜು ಎಲ್ಲಿ ಬರಬೇಕೆಂದು ಅಳೆದು, ಪೆನ್ಸಿಲಿನಿಂದ ಒಡಲಿನ ಮೇಲೆ ಅಡ್ಡಗೆರೆ ಎಳೆದಳು. ಗೆರೆಯ ತುದಿಯಲ್ಲಿ ಸಣ್ಣದೊಂದು ಬಾಣ. ಅದಾದ ನಾಲ್ಕು ತಿಂಗಳಿಗೆ ಅವಳು ಹೋದಳು. ಒಡಲು ನನ್ನ ಕೆಲಸದ ಕೋಣೆಯ ಗೋಡೆಗೆ ಒರಗಿಕೊಂಡಿತ್ತು. ಕತ್ತು ಅವಳ ಕಪಾಟಿನಲ್ಲಿ ಹಳೆಯ ಹೊದಿಕೆಯೊಳಗೆ ಸುತ್ತಿಕೊಂಡಿತ್ತು.

ಐವತ್ತು ವರ್ಷಗಳಿಂದ ನಾನು ಎರಡು ಸಲ ಅಳೆಯದೆ ಗರಗಸ ಮುಟ್ಟಿದವನಲ್ಲ. ಗಿರಾಕಿಗಳು ಹೇಳಿದ ಅಳತೆಯನ್ನು ನಂಬಿದವನೂ ಅಲ್ಲ. ಆದರೆ ಆ ದಿನ ಅಳತೆಪಟ್ಟಿಯನ್ನು ಎತ್ತಿಕೊಂಡು, ಅವಳ ಗೆರೆಯನ್ನು ನೋಡಿ, ಮತ್ತೆ ಕೆಳಗಿಟ್ಟೆ. ಸತ್ತವಳ ಮಾತಿಗೆ ಸಾಕ್ಷಿ ಕೇಳಿದಂತಾಗುತ್ತದೆ ಎನಿಸಿತು. ಕತ್ತನ್ನು ತಿರುಪಿನಿಂದ ಬಿಗಿದೆ. ಗೆರೆಗೆ ಸರಿಯಾಗಿ ಬ್ರಿಜ್ಜನ್ನು ಇಟ್ಟು, ಐದು ತೂತು ಕೊರೆದು ಕೂರಿಸಿದೆ. ಗೆರೆ ಒಂದು ಕೂದಲೆಳೆಯಷ್ಟೂ ಅಳಿಸದಂತೆ ನೋಡಿಕೊಂಡೆ.

ನಾದಿನಿ ಬಂದು ತಂತಿ ಹಾಕಿದಳು. ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವಳು. ಬಾಯಿಯೂ ಅಕ್ಕನಿಗಿಂತ ಹತ್ತು ಪಟ್ಟು ಜೋರು. ಮಂದಿರದಲ್ಲಿ ಅಕ್ಕ ನಿಲ್ಲುತ್ತಿದ್ದ ಜಾಗದಲ್ಲಿ ಬರುವ ತಿಂಗಳಿನಿಂದ ಅವಳೇ ನಿಲ್ಲುವುದೆಂದು ಆಗಿತ್ತು. ಬಿಡಿ ತಂತಿಗಳನ್ನು ಶ್ರುತಿಮಾಡಿ ಮೀಟಿದಾಗ ದನಿ ಎದೆಗೆ ತಾಕಿತು. ಬೆರಳೊತ್ತಿ ನುಡಿಸತೊಡಗಿದ ಕೂಡಲೇ ಅವಳ ಹುಬ್ಬು ಗಂಟಾಯಿತು. ಮೇಲೆ ಹೋದಷ್ಟೂ ಸ್ವರ ತಗ್ಗಿ ಬೀಳುತ್ತಿತ್ತು. ಸಂಗೀತ ತಿಳಿಯದ ನನ್ನ ಕಿವಿಗೂ ಅದು ಹುಳಿ ಹಿಂಡಿದಂತಿತ್ತು.

“ಭಾವ, ಇದು ಹಾಡ್ತಿಲ್ಲ, ನರಳ್ತಿದೆ,” ಎಂದಳು.

ತಂತಿ ಹೊಸದು, ಪಳಗಬೇಕು ಎಂದೆ. ಅವಳು ಜಗಳಕ್ಕೆ ಬರಲಿಲ್ಲ. ಹೊರಡುವಾಗ ಮಾತ್ರ, ಕತ್ತಿನ ಅಡ್ಡಪಟ್ಟಿಗಳ ಮೇಲೆ ಬೆರಳಿಟ್ಟು, ಈ ಹನ್ನೆರಡನೇ ಮೆಟ್ಟು ತಂತಿಯ ನಟ್ಟನಡುವೆ ಇರಬೇಕು, ಬಡಗಿಗಳಿಗೆ ಅಳೆಯೋದು ಬರುತ್ತಂತಲ್ಲ, ಎಂದು ಹೇಳಿ ಹೋದಳು.

ಅವಳು ಹೋದ ಮೇಲೂ ಬಹಳ ಹೊತ್ತು ಅದರ ಮುಂದೆ ಕುಳಿತಿದ್ದೆ. ಕೊನೆಗೆ ಪಟ್ಟಿ ಹಿಡಿದೆ. ಕತ್ತಿನ ತುದಿಯಿಂದ ಹನ್ನೆರಡನೇ ಮೆಟ್ಟಿಗೆ ಹದಿನೈದು ಅಂಗುಲ. ಅಲ್ಲಿಂದ ಬ್ರಿಜ್ಜಿಗೆ ಹದಿನಾರೂಕಾಲು. ಒಂದೂಕಾಲು ಅಂಗುಲ ಹೆಚ್ಚು. ಒಂದು ನೂಲಿನ ವ್ಯತ್ಯಾಸಕ್ಕೆ ಚೌಕಟ್ಟನ್ನೇ ಬಿಚ್ಚಿಸಿದವನು ನಾನು. ಅವಳೋ ಲೆಕ್ಕದಲ್ಲಿ ನನಗಿಂತ ಚುರುಕು. ಇಷ್ಟು ದೊಡ್ಡ ತಪ್ಪನ್ನು ಅವಳು ಮಾಡಿರಲಾರಳು. ಮಾಡಿದ್ದರೆ, ಆಗಲೇ ಕಾಯಿಲೆ ಅವಳ ತಲೆಗೆ ಏರಿತ್ತೇ, ನಾನು ಗಮನಿಸಲಿಲ್ಲವೇ ಎಂಬ ಸಂಕಟ ಹುಟ್ಟಿತು.

ಮಾರನೆಯ ಬೆಳಿಗ್ಗೆ ಗಿಟಾರನ್ನು ಹೊತ್ತು ಆ ತಂತಿಯ ವಾದ್ಯದಂಗಡಿಗೆ ಹೋದೆ. ಅವನು ಕತ್ತನ್ನು ಒಮ್ಮೆ ಸವರಿ, ತಲೆ ಎತ್ತದೆ, ಗೆರೆ ಎಳೆದದ್ದು ಈ ಕತ್ತಿಗಲ್ಲ ಎಂದ. ಗೋಡೆಯ ಮೇಲೆ ತೂಗುಹಾಕಿದ್ದ ಇನ್ನೊಂದು ಕತ್ತನ್ನು ತೋರಿಸಿದ. ಬಣ್ಣ ಒಂದೇ, ಮರ ಒಂದೇ, ಉದ್ದ ಮಾತ್ರ ಇದಕ್ಕಿಂತ ಮೂರು ಅಂಗುಲದಷ್ಟು ಹೆಚ್ಚು. ಅವಳು ಮೊದಲು ಒಯ್ದದ್ದು ಅದನ್ನು. ಆಸ್ಪತ್ರೆ ಸೇರುವುದಕ್ಕೆ ಎರಡು ವಾರ ಮುಂಚೆ ಬಂದು ಅದನ್ನು ಹಿಂದಿರುಗಿಸಿ ಈ ಗಿಡ್ಡ ಕತ್ತನ್ನು ತೆಗೆದುಕೊಂಡು ಹೋಗಿದ್ದಳಂತೆ. ಬ್ರಿಜ್ಜನ್ನು ಮುಂದಕ್ಕೆ ಸರಿಸಬೇಕಾಗುತ್ತದೆ ಎಂದು ಅವನೂ ಹೇಳಿದ್ದನಂತೆ, ಅವಳೂ ಗೊತ್ತು ಎಂದಿದ್ದಳಂತೆ.

ಯಾಕೆ ಬದಲಾಯಿಸಿದಳೆಂದು ಕೇಳಿದೆ. ಅಂಗಡಿಯವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

“ಹೇಳಬೇಡ ಅಂದಿದ್ರು ಯಜಮಾನ್ರೇ. ಬೆರಳ ಗಂಟು ಊದಿಕೊಂಡಿತ್ತು. ಉದ್ದದ್ದರಲ್ಲಿ ಕೈ ಚಾಚೋಕೆ ಆಗ್ತಿಲ್ಲ, ಮನೇಲಿ ಗೊತ್ತಾದ್ರೆ ನುಡಿಸೋದೇ ಬೇಡ ಅಂತಾರೆ, ಅಂದ್ರು.”

ಗೊತ್ತಾಗಿದ್ದರೆ ನಾನು ಹಾಗೆಯೇ ಅನ್ನುತ್ತಿದ್ದೆ. ಅದರಲ್ಲಿ ಅನುಮಾನವಿಲ್ಲ.

ತಂತಿ ಒಳ್ಳೆಯವನು. ಉದ್ದದ ಕತ್ತು ಇನ್ನೂ ಇದೆ, ಬೇಕಾದರೆ ಇದನ್ನು ಕೊಟ್ಟು ಅದನ್ನೇ ಒಯ್ಯಿರಿ, ಗುಳಿಯಲ್ಲಿ ಅಲುಗದೆ ಕೂರುತ್ತದೆ ಎಂದ. ಯೋಚಿಸಿ ಹೇಳುತ್ತೇನೆಂದು ಬಂದೆ.

ಸಂಜೆ ನಾದಿನಿಗೆ ಕತ್ತು ಬದಲಾದ ವಿಷಯವನ್ನಷ್ಟೇ ಹೇಳಿದೆ. ಬೆರಳಿನ ಮಾತು ಬಾಯಿಗೆ ಬರಲಿಲ್ಲ. ಅವಳು ಕ್ಷಣವೂ ತಡಮಾಡಲಿಲ್ಲ.

“ಉದ್ದದ್ದನ್ನೇ ತನ್ನಿ. ನನಗೆ ರೂಢಿ ಇರೋದು ಅದೇ. ಅಕ್ಕನ ಗೆರೆಯೂ ಉಳಿಯುತ್ತೆ, ನೀವು ಇನ್ನೊಂದು ತೂತು ಕೊರೆಯೋದೂ ತಪ್ಪುತ್ತೆ. ಇದರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ?”

ಅವಳ ಮಾತಿನಲ್ಲಿ ಒಂದು ಕೊಂಕೂ ಇರಲಿಲ್ಲ. ನುಡಿಸುವವಳು ಅವಳು. ಗೆರೆ ನನ್ನ ಹೆಂಡತಿ ತನ್ನ ಕೈಯಾರೆ ಎಳೆದದ್ದು. ಅವಳು ಅಂದುಕೊಂಡ ಹಾಗೆ ಎಂದು ನಾನು ಮಾತು ಕೊಟ್ಟದ್ದು ಗೆರೆಗೋ, ಕತ್ತಿಗೋ? ಮಲಗುವ ಮುಂಚೆ ಪ್ರಾರ್ಥನೆಗೆ ಕುಳಿತೆ. ದಾರಿ ತೋರಿಸು ಎಂದು ಕೇಳುವುದಕ್ಕೆಂದೇ ಕುಳಿತದ್ದು. ಆದರೆ ಕಣ್ಣು ಮುಚ್ಚಿದರೆ ಅವಳ ಕೈಗಳು ಕಾಣುತ್ತಿದ್ದವು. ಮುಚ್ಚಳ ತೆಗೆದುಕೊಡಿ ಎಂದು ಆಸ್ಪತ್ರೆಗೆ ಮುಂಚಿನ ದಿನಗಳಲ್ಲಿ ಡಬ್ಬಿಗಳನ್ನು ನನ್ನ ಮುಂದೆ ಇಡುತ್ತಿದ್ದಳು. ಇಷ್ಟಕ್ಕೂ ನಾನೇ ಬೇಕೇ ಎಂದು ನಾನು ಗೊಣಗಿಕೊಂಡೇ ತೆಗೆದುಕೊಟ್ಟಿದ್ದೆ. ಕಣ್ಣಳತೆಯಲ್ಲೇ ಬಾಗಿಲಿನ ಓರೆ ಹೇಳಬಲ್ಲೆನೆಂದು ಊರಿಗೆಲ್ಲ ಜಂಬ ಕೊಚ್ಚಿಕೊಳ್ಳುವವನು, ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದವಳ ಬೆರಳನ್ನು ನೋಡಿರಲಿಲ್ಲ. ದೇವರ ಮುಂದೆ ಕ್ಷಮಿಸು ಎಂಬುದನ್ನು ಬಿಟ್ಟು ಬೇರೆ ಮಾತು ಹೊರಡಲಿಲ್ಲ.

ಮರುದಿನ ನಾದಿನಿಯನ್ನು ಕರೆಸಿ ಬೆರಳಿನ ವಿಷಯ ಹೇಳಿದೆ. ನೋವಾದರೂ ಬಿಡದೆ, ಕೈಗೆ ನಿಲುಕುವ ಕತ್ತನ್ನು ಹುಡುಕಿಕೊಂಡಳು, ಅವಳ ಕೊನೆಯ ತೀರ್ಮಾನ ಅದು, ಗೆರೆ ಅದಕ್ಕೂ ಹಿಂದಿನದು ಎಂದೆ. ಆದರೂ ನುಡಿಸುವವಳು ನೀನು, ಉದ್ದದ್ದೇ ಬೇಕೆಂದರೆ ಈಗಲೇ ಹೋಗಿ ತರುತ್ತೇನೆ ಎಂದೂ ಹೇಳಿದೆ.

ಅವಳು ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು, ಮೀಟದೆ, ಮೆಟ್ಟಿನಿಂದ ಮೆಟ್ಟಿಗೆ ಬೆರಳು ನಡೆಸಿದಳು.

“ನನಗೂ ಹೇಳಲಿಲ್ಲ ನೋಡಿ,” ಎಂದಳು. ಆಮೇಲೆ, “ಇರಲಿ ಭಾವ, ಗಿಡ್ಡದ್ದೇ ಇರಲಿ. ಕೈ ಕಲಿತುಕೊಳ್ಳುತ್ತೆ.”

ಬ್ರಿಜ್ಜನ್ನು ಬಿಚ್ಚಿದೆ. ಈ ಸಲ ಮೂರು ಬಾರಿ ಅಳೆದೆ. ಐದು ತೂತುಗಳಿಗೂ ಮರದ ಬೆಣೆ ಕೆತ್ತಿ, ಅಂಟು ಹಚ್ಚಿ ತುಂಬಿದೆ. ಹಲಗೆಯ ಬಣ್ಣಕ್ಕೆ ಹೊಂದುವ ಮರ ನನ್ನಲ್ಲಿತ್ತು. ಆದರೂ ಕಪ್ಪನೆಯದನ್ನೇ ಆರಿಸಿದೆ. ತಪ್ಪು ನನ್ನದು, ಅದು ಕಾಣುವುದರಲ್ಲಿ ತಪ್ಪೇನಿಲ್ಲ. ಬೆಣೆಗಳ ತಲೆ ಸಮಮಾಡಲು ಮರ ಉಜ್ಜುವ ಉಪ್ಪುಕಾಗದ ಆಡಿಸಬೇಕು. ಆಡಿಸಿದರೆ ಗೆರೆ ಹೋಗುತ್ತದೆ. ಗೆರೆಯ ಮೇಲೆ ಒಮ್ಮೆ ಬೆರಳಾಡಿಸಿದೆ. ಆಮೇಲೆ ಉಜ್ಜಿದೆ. ಮೊದಲು ಬಾಣ ಹೋಯಿತು, ಹಿಂದೆಯೇ ಗೆರೆ. ಪುಡಿಯನ್ನು ಬಾಯಿಂದ ಊದದೆ ಬಟ್ಟೆಯಿಂದ ಒರೆಸಿ ತೆಗೆದೆ. ಬ್ರಿಜ್ಜನ್ನು ಒಂದೂಕಾಲು ಅಂಗುಲ ಮುಂದಕ್ಕೆ ಕೂರಿಸಿದೆ.

ನಾದಿನಿ ತಂತಿ ಬಿಗಿದಳು. ಬಿಡಿ ತಂತಿ ಮೀಟಿದಳು, ಹನ್ನೆರಡನೇ ಮೆಟ್ಟಿನಲ್ಲಿ ಒತ್ತಿ ಮೀಟಿದಳು, ಬ್ರಿಜ್ಜಿನ ಪುಟ್ಟ ತಿರುಪನ್ನು ಅರೆಸುತ್ತು ತಿರುಗಿಸಿ ಮತ್ತೆ ಮೀಟಿದಳು. ಎರಡೂ ಒಂದೇ ಸ್ವರವಾದವು. ಅವಳು ನುಡಿಸತೊಡಗಿದಳು. ಮಂದಿರದಲ್ಲಿ ಹಾಡುವ ಹಾಡುಗಳನ್ನೇ ಒಂದಾದ ಮೇಲೊಂದು ತೆಗೆದುಕೊಂಡಳು. ಕಿರಿದಾದ ಜಾಗದಲ್ಲಿ ಬೆರಳು ಆಗಾಗ ಎಡವಿದರೆ ತನಗೆ ತಾನೇ ಬೈದುಕೊಂಡು ಮೊದಲಿನಿಂದ ಹಿಡಿಯುತ್ತಿದ್ದಳು. ನಾನು ಹೋಳುಮರದ ರಾಶಿಯ ಮೇಲೆ ಕುಳಿತು ಕೇಳಿದೆ.

ಅರ್ಧ ಗಂಟೆಯ ಮೇಲೆ ನಿಲ್ಲಿಸಿ, ಎಡಗೈಯನ್ನು ಒಮ್ಮೆ ಕೊಡವಿ, ಮುಷ್ಟಿ ಬಿಗಿದು ಬಿಟ್ಟಳು.

ಕೈ ತೋರಿಸು ಎಂದೆ. ಏನಿಲ್ಲ, ಹೊಸ ಕತ್ತು, ಎರಡು ದಿನ ಹೀಗೆಯೇ, ಎಂದಳು. ನಾನು ಚಾಚಿದ ಅಂಗೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಭಾವನಿಗೆ ಇದೆಂಥ ಹುಚ್ಚು ಎನ್ನುತ್ತಾ ಅವಳು ಕೈಯನ್ನು ಅದರ ಮೇಲಿಟ್ಟಳು. ಕಿಟಕಿಯ ಬೆಳಕಿಗೆ ತಿರುಗಿಸಿ, ಒಂದೊಂದೇ ಬೆರಳನ್ನು, ಒಂದೊಂದೇ ಗಂಟನ್ನು, ಅವಸರಪಡದೆ ನೋಡಿದೆ.