ಎಂಟರ ಸಭೆ, ಹತ್ತರ ಸಭೆ

ಭಾನುವಾರ ಚರ್ಚಿನಲ್ಲಿ ಬೆಳಿಗ್ಗೆ ಎಂಟರ ಸಭೆ ಮುಗಿದು ಜನ ಹೊರಗೆ ಹೋಗುತ್ತಿದ್ದಂತೆ ಗಂಟೆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಆರ್ಗನ್ ತಳ್ಳಲು ನಿಂತಳು. ಕಾಲಲ್ಲಿ ತುಳಿದು ನುಡಿಸುವ ಹಳೇ ಪೆಟ್ಟಿಗೆ ಅದು. ನಾಲ್ಕು ಗಾಲಿಗಳಲ್ಲಿ ಒಂದು ತಿರುಗುವುದೇ ಇಲ್ಲ. ಅದರ ಪಾಲಿನ ಭಾರವನ್ನು ಗಂಟೆಯಮ್ಮನ ಮಂಡಿಯೇ ಹೊರಬೇಕು. ಎಡಗಡೆ ಕಿಟಕಿಯ ಬಳಿಯಿಂದ ಬಲಗಡೆ ಪೀಠದ ಪಕ್ಕಕ್ಕೆ ಹದಿನೆಂಟು ಹೆಜ್ಜೆ. ಹತ್ತರ ಸಭೆ ಮುಗಿದ ಮೇಲೆ ಬಲದಿಂದ ಎಡಕ್ಕೆ ಮತ್ತೆ ಅದೇ ಹದಿನೆಂಟು.

“ಕರ್ತನೇ, ನಿನ್ನ ಜನಕ್ಕೆ ಬುದ್ಧಿ ಕೊಡು. ಅದು ನಿನ್ನ ಕೈಲೂ ಆಗಲ್ಲ ಅಂದ್ರೆ ನನಗೊಂದು ಜೊತೆ ಹೊಸ ಮಂಡಿನಾದ್ರೂ ಕೊಡು,” ಎಂದು ಗೊಣಗಿಕೊಂಡು ತಳ್ಳಿದಳು.

ಚರ್ಚಿನ ಗಂಟೆ ಹೊಡೆಯುವುದು, ಕಸ ಗುಡಿಸುವುದು, ಬೀಗದ ಕೈ ಕಾಯುವುದು ಎಲ್ಲವೂ ಅವಳದೇ. ಮೊದಲು ಗಂಡ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷದಿಂದ ಅವಳು ಮಾಡುತ್ತಿದ್ದಾಳೆ. ಇನ್ನೂರು ಜನ ಕೂರುವ ಹಾಲು. ಎಂಟರ ಸಭೆಗೆ ಬರುವವರು ಇಪ್ಪತ್ತಮೂರು, ಹತ್ತರ ಸಭೆಗೆ ಹತ್ತೊಂಬತ್ತು. ಊರಿಗೆ ಹೊಸದಾಗಿ ಬಂದವರು, “ಓಹೋ, ಎರಡೆರಡು ಆರಾಧನೆ! ಜನ ಜಾಸ್ತಿ ಅನ್ನಿ,” ಎಂದರೆ ಗಂಟೆಯಮ್ಮ, “ಜನ ಅಲ್ಲ, ಜಂಭ ಜಾಸ್ತಿ,” ಎನ್ನುತ್ತಿದ್ದಳು.

ಎಲ್ಲ ಶುರುವಾದದ್ದು ಏಳು ವರ್ಷದ ಹಿಂದೆ, ಈ ಆರ್ಗನ್‌ನಿಂದಲೇ. ಹಾಡಿನ ತಂಡ ನಡೆಸುತ್ತಿದ್ದ ಹೆಡ್‌ಮಾಸ್ತರು (ನಿವೃತ್ತರಾಗಿ ಎಷ್ಟೋ ಕಾಲವಾದರೂ ಹೆಸರು ಮಾತ್ರ ನಿವೃತ್ತವಾಗಿರಲಿಲ್ಲ) ಪೆಟ್ಟಿಗೆ ಬಲಗಡೆ ಇರಬೇಕು, ಹಾಡುವವರಿಗೆ ತಮ್ಮ ಕೈ ಕಾಣಬೇಕು ಎಂದರು. ಔಷಧಿ ಅಂಗಡಿಯ ಯಜಮಾನರು, ಅದನ್ನು ನಮ್ಮಪ್ಪ ಸ್ವಂತ ಕೈಯಾರೆ ಕಿಟಕಿ ಪಕ್ಕ ಇಟ್ಟದ್ದು, ಅಲ್ಲಿಂದ ಒಂದು ಗೇಣೂ ಅಲ್ಲಾಡಬಾರದು ಎಂದರು. “ಇದೇನು ನಿಮ್ಮಪ್ಪನ ಮನೆಯಾ?” ಎಂದು ಇವರು, “ಇದೇನು ನಿಮ್ಮ ಸ್ಕೂಲಾ?” ಎಂದು ಅವರು. ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಬೇರೆಯವರಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಹೆಡ್‌ಮಾಸ್ತರ ಒಡಹುಟ್ಟಿದ ತಂಗಿಯೇ ಔಷಧಿ ಅಂಗಡಿಯವರ ಹೆಂಡತಿ. ಆಗಿದ್ದ ಪಾದ್ರಿಗಳು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಎರಡು ಆರಾಧನೆ ಮಾಡಿದರು. “ತಾತ್ಕಾಲಿಕ ವ್ಯವಸ್ಥೆ” ಎಂದು ಬರೆದಿಟ್ಟು ವರ್ಗವಾಗಿ ಹೋದರು. ಏಳು ವರ್ಷವಾದರೂ ಆ ತಾತ್ಕಾಲಿಕ ಮುಗಿದಿಲ್ಲ.

ಈಗಿನ ಪಾದ್ರಿಗಳು ವಯಸ್ಸಿನಲ್ಲಿ ಚಿಕ್ಕವರು, ಸ್ವಭಾವದಲ್ಲಿ ಮೆತ್ತಗಿನವರು. ಒಂದೇ ಪ್ರಸಂಗವನ್ನು ಎಂಟಕ್ಕೊಂದು ಸಲ, ಹತ್ತಕ್ಕೊಂದು ಸಲ ಹೇಳುತ್ತಾರೆ. ಹೋದ ತಿಂಗಳು ವಿಷಯ ಕ್ಷಮೆ. ಎರಡು ಸಭೆಯವರೂ ಕಣ್ಣೊರೆಸಿಕೊಂಡು, ಆ ಕಡೆಯವರಿಗೆ ಇದು ಚೆನ್ನಾಗಿ ತಟ್ಟಲಿ ಎಂದುಕೊಂಡು ಮನೆಗೆ ಹೋದರು. ಭಾನುವಾರದ ಮಕ್ಕಳ ಪಾಠವೂ ಎರಡಾಗಿತ್ತು. ಹತ್ತರ ಪಾಠದಲ್ಲಿ ಒಂದು ಹುಡುಗಿ ಎದ್ದು ನಿಂತು, “ಸಾರ್, ಪರಲೋಕದಲ್ಲೂ ಎಂಟಕ್ಕೊಂದು, ಹತ್ತಕ್ಕೊಂದು ಇರುತ್ತಾ?” ಎಂದು ಕೇಳಿದಳು. “ಅದು ಪರೀಕ್ಷೆಗೆ ಇಲ್ಲ. ಕೂತ್ಕೋ,” ಎಂದರು ಹೆಡ್‌ಮಾಸ್ತರು.

ಇಷ್ಟನ್ನೂ ಗಂಟೆಯಮ್ಮ ಗೊಣಗಿಕೊಂಡಾದರೂ ಸಹಿಸುತ್ತಿದ್ದಳೋ ಏನೋ. ಸಹಿಸಲಾಗದ್ದು ಹಿರಿಯಮ್ಮನ ಪ್ರಶ್ನೆ.

ಹಿರಿಯಮ್ಮ ಎಂದರೆ ಹೆಡ್‌ಮಾಸ್ತರ ತಾಯಿ. ಮಗ ಗಾಲಿ ಕುರ್ಚಿಯಲ್ಲಿ ಕೂರಿಸಿ ಹತ್ತರ ಸಭೆಗೆ ಕರೆತರುತ್ತಿದ್ದರು. ಎರಡು ವರ್ಷದಿಂದ ಆಕೆಯ ನೆನಪು ಸೋರಿಹೋಗುತ್ತಿತ್ತು. ಜಗಳವಂತೂ ಪೂರಾ ಮರೆತೇಹೋಗಿತ್ತು. ಬಾಗಿಲಲ್ಲಿ ಗಂಟೆಯಮ್ಮನ ಕೈ ಹಿಡಿದು ಪ್ರತಿ ವಾರ ಕೇಳುತ್ತಿದ್ದಳು: “ನನ್ನ ಮಗಳು ಕಾಣಿಸ್ತಿಲ್ವಲ್ಲೇ. ಚರ್ಚಿಗೆ ಬರೋದು ಬಿಟ್ಟುಬಿಟ್ಲಾ?”

“ನೆಗಡಿ ಅಂತಮ್ಮ. ಮುಂದಿನ ವಾರ ಬರ್ತಾಳೆ,” ಎನ್ನುತ್ತಿದ್ದಳು ಗಂಟೆಯಮ್ಮ. ಒಂದು ವಾರ ನೆಗಡಿ, ಒಂದು ವಾರ ನೆಂಟರು, ಒಂದು ವಾರ ಕಾಲುನೋವು. ದೇವರ ಮನೆಯ ಬಾಗಿಲಲ್ಲಿ ನಿಂತು ವಾರಕ್ಕೊಂದು ಸುಳ್ಳು. ಮಗಳಿಗೇನಾಗಿತ್ತು? ಮುಕ್ಕಾಲು ಗಂಟೆ ಮೊದಲು ಅದೇ ಬಾಗಿಲಿಂದ ಗಂಡನ ಹಿಂದೆ ತಲೆ ತಗ್ಗಿಸಿಕೊಂಡು ಹೋಗಿರುತ್ತಿದ್ದಳು.

ಆದರೆ ಆ ಭಾನುವಾರ ಹಿರಿಯಮ್ಮ ಹಾಗೆ ಕೇಳಲಿಲ್ಲ. ಗಂಟೆಯಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ನನಗೊಬ್ಳು ಮಗಳಿದ್ದಳು ಅಲ್ವಾ?” ಎಂದಳು. “ಇದ್ದಳೋ, ಇಲ್ಲ ನಾನೇ ಅಂದ್ಕೊಂಡಿದ್ದೀನೋ?”

ಗಂಟೆಯಮ್ಮನ ಬಾಯಿಗೆ ಯಾವ ಸುಳ್ಳೂ ಬರಲಿಲ್ಲ.

ಸೋಮವಾರ ಬೆಳಿಗ್ಗೆಯೇ ಔಷಧಿ ಅಂಗಡಿಗೆ ಹೋದಳು. ಯಜಮಾನರು ಕನ್ನಡಕ ಮೂಗಿನ ತುದಿಗಿಳಿಸಿ ಚೀಟಿ ಓದುತ್ತಿದ್ದರು. ಅವರ ಹೆಂಡತಿ ಒಳಗಿನ ಕಪಾಟಿನ ಮುಂದೆ ಡಬ್ಬಿಗಳನ್ನು ಜೋಡಿಸುತ್ತಿದ್ದಳು.

“ನಿಮ್ಮತ್ತೆಗೆ ಮಗಳಿದ್ದಾಳೆ ಅನ್ನೋದೇ ಮರೀತಾ ಇದೆ,” ಎಂದಳು ಗಂಟೆಯಮ್ಮ, ಪೀಠಿಕೆ ಹಾಕದೆ. “ಒಂದು ಸಲ ಹತ್ತರ ಸಭೆಗೆ ಕರ್ಕೊಂಡು ಬನ್ನಿ.”

ಒಳಗೆ ಡಬ್ಬಿಗಳ ಸದ್ದು ನಿಂತಿತು.

“ನಾನೇನು ಇವಳನ್ನ ಕಟ್ಟಿ ಹಾಕಿದೀನಾ?” ಎಂದರು ಯಜಮಾನರು. “ಅತ್ತೆ ಮೇಲೆ ನನಗೇನೂ ಇಲ್ಲ. ದೇವರಂಥ ಹೆಂಗಸು. ಆದ್ರೆ ನಲವತ್ತು ಜನರ ಎದುರಿಗೆ ಸತ್ತುಹೋದ ನಮ್ಮಪ್ಪನ ಹೆಸರೆತ್ತಿದ್ದು ಅವರ ಮಗ. ಅವರು ಒಂದು ಮಾತು ‘ತಪ್ಪಾಯ್ತು’ ಅನ್ಲಿ, ನಾನೇ ಹೋಗ್ತೀನಿ.”

“ಅವರು ಅನ್ನದಿದ್ರೆ?”

“ಅನ್ನದಿದ್ರೆ ಅವರಿಷ್ಟ.”

ಹೊರಡುವಾಗ ಹೆಂಡತಿ ಹಿಂಬಾಗಿಲಿಂದ ಓಡಿ ಬಂದು ಬೀದಿಯಲ್ಲಿ ಹಿಡಿದುಕೊಂಡಳು. “ಎರಡು ಸಲ ಹೋಗಿದ್ದೆ. ಅಣ್ಣ, ‘ನಿನ್ನ ಗಂಡನ್ನ ಕರ್ಕೊಂಡು ಬಾ, ಆಮೇಲೆ ಅಮ್ಮನ್ನ ನೋಡು’ ಅಂದ. ಮನೆಗೆ ಬಂದ್ರೆ ಇವರು ಎರಡು ದಿನ ಊಟ ಬಿಟ್ರು. ಅತ್ತ ದರಿ, ಇತ್ತ ಪುಲಿ. ನಾನೇನು ಮಾಡ್ಲಿ ಹೇಳಿ,” ಎಂದು ಅತ್ತುಬಿಟ್ಟಳು.

ಮಂಗಳವಾರ ಹೆಡ್‌ಮಾಸ್ತರ ಮನೆ. ಅವರು ತಾಯಿಗೆ ಚಮಚದಲ್ಲಿ ಗಂಜಿ ಕುಡಿಸಿ, ಗಲ್ಲ ಒರೆಸಿ, ಮಲಗಿಸಿ ಬಂದರು. ಆ ಕೈ ಎಷ್ಟು ಮೃದುವೋ ನಾಲಿಗೆ ಅಷ್ಟೇ ಬಿರುಸು.

“ಸರಿಯಾಗಿ ಹಾಡಬೇಕು ಅಂತ ಅಂದದ್ದು ತಪ್ಪಾ? ನನಗೇನು ಸ್ವಂತ ಲಾಭ ಇತ್ತು ಅದ್ರಲ್ಲಿ? ಅವನು ನನ್ನನ್ನ ‘ಮಕ್ಕಳಿಗೆ ಬೆತ್ತ ತೋರಿಸಿ ಬದುಕಿದವನು’ ಅಂದ. ಮೂವತ್ತು ವರ್ಷ ಪಾಠ ಹೇಳಿದ ನನ್ನನ್ನ!”

“ನಿಮ್ಮಮ್ಮನಿಗೆ ಟೈಮ್ ಇಲ್ಲ ಸಾರ್.”

“ಗೊತ್ತು. ದಿನಾ ನೋಡೋನು ನಾನು.” ಕೈಲಿದ್ದ ಗಂಜಿ ಬಟ್ಟಲು ಕೆಳಗಿಟ್ಟು, “ಅವನು ಒಂದು ಮಾತು ಹೇಳ್ಲಿ. ಒಂದೇ ಒಂದು ಮಾತು,” ಎಂದರು.

ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಅಲ್ಲ, ಮೊಲವೂ ಒಂದೇ, ಕಾಲೂ ಮೂರೇ, ಆದರೂ ಜಗಳ! ಗಂಟೆಯಮ್ಮನಿಗೆ ಇಬ್ಬರ ತಲೆಗಳನ್ನೂ ಹಿಡಿದು ಒಂದಕ್ಕೊಂದು ಡಿಕ್ಕಿ ಹೊಡೆಸಬೇಕು ಎನ್ನಿಸಿತು. ಕೊನೆಗೆ ಪಾದ್ರಿಗಳ ಹತ್ತಿರ ಹೋದಳು. ಅವರು ಎಲ್ಲ ಕೇಳಿ, “ಪ್ರಾರ್ಥನೆ ಮಾಡೋಣಮ್ಮ,” ಎಂದರು.

“ಏಳು ವರ್ಷದಿಂದ ಅದನ್ನೇ ಮಾಡ್ತಿದೀವಲ್ಲ ಅಯ್ಯನೋರೇ. ಪ್ರಾರ್ಥನೆಗೂ ಎರಡು ಟೈಮ್ ಇಟ್ಟಿದೀರಿ. ದೇವರಿಗಾದ್ರೂ ಯಾರದ್ದು ಕೇಳ್ಬೇಕು ಅಂತ ಹೇಗೆ ತಿಳೀಬೇಕು?”

ಪಾದ್ರಿಗಳ ಮುಖ ಸಣ್ಣದಾಯಿತು.

ಶನಿವಾರ ಮಧ್ಯಾಹ್ನ ಗಂಟೆಯಮ್ಮ ಅಡುಗೆಮನೆಯಲ್ಲಿ ಹಿಟ್ಟು ಅಳೆದಳು. ಮರುದಿನ ಪ್ರಭು ಭೋಜನದ ಭಾನುವಾರ. ಆ ಚರ್ಚಿನಲ್ಲಿ ಮೊದಲಿನಿಂದ ಬಂದ ಪದ್ಧತಿಯೆಂದರೆ, ಪ್ರಭು ಭೋಜನದ ರೊಟ್ಟಿಯನ್ನು ಅಂಗಡಿಯಿಂದ ತರುವಂತಿಲ್ಲ. ಚರ್ಚು ಕಾಯುವವರ ಮನೆಯಲ್ಲೇ ಹುಳಿಯಿಲ್ಲದ ಹಿಟ್ಟಿನಿಂದ ಒಂದು ದೊಡ್ಡ ರೊಟ್ಟಿ ಬೇಯಬೇಕು, ಅದನ್ನೇ ಮುರಿದು ಎಲ್ಲರೂ ತಿನ್ನಬೇಕು. ಏಳು ವರ್ಷದಿಂದ ಅವಳು ಎರಡು ಸಣ್ಣ ರೊಟ್ಟಿ ಬೇಯಿಸುತ್ತಿದ್ದಳು. ಯಾರೂ ಹೇಳಿರಲಿಲ್ಲ. ತಾನೇ ಮಾಡಿದ್ದಳು.

ಹಿಟ್ಟನ್ನು ಎರಡು ಪಾಲು ಮಾಡಲು ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು. ಆರ್ಗನ್ ಆ ಕಡೆ ಈ ಕಡೆ ತಳ್ಳಿದ್ದು ಯಾರು? ಎಂಟಕ್ಕೂ ಹತ್ತಕ್ಕೂ ಬಾಗಿಲು ತೆಗೆದದ್ದು ಯಾರು? ಬಾಗಿಲಲ್ಲಿ ನಿಂತು ಹಿರಿಯಮ್ಮನಿಗೆ ನೆಗಡಿ, ನೆಂಟರು ಎಂದದ್ದು ಯಾರು? ಆ ಇಬ್ಬರು ಗಂಡಸರು ಜಗಳ ಆಡಿದ್ದು ಒಂದು ಸಂಜೆ. ಅದನ್ನು ಏಳು ವರ್ಷ ಸಾಕಿ ಬೆಳೆಸಿದವಳು ತಾನು. “ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ,” ಎಂದು ಜೋರಾಗಿಯೇ ಅಂದುಕೊಂಡು, ಹಿಟ್ಟನ್ನೆಲ್ಲ ಒಂದೇ ಮುದ್ದೆ ಮಾಡಿ ನಾದಿದಳು.

ಮರುದಿನ ಎಂಟರ ಸಭೆಯಲ್ಲಿ ಪ್ರಸಂಗ ಮುಗಿದು, ಪಾದ್ರಿಗಳು ಮೇಜಿನ ಮೇಲಿನ ಬಿಳಿ ಬಟ್ಟೆ ಎತ್ತಿದರು. ತಟ್ಟೆ ಖಾಲಿ. ಅವರು ಕಣ್ಣರಳಿಸಿ ಹಿಂದಿನ ಬೆಂಚಿನ ಕಡೆ ನೋಡಿದರು.

ಗಂಟೆಯಮ್ಮ ಎದ್ದು ನಿಂತಳು. “ರೊಟ್ಟಿ ಒಂದೇ ಮಾಡಿದೀನಿ ಅಯ್ಯನೋರೇ. ಅದು ಹತ್ತು ಗಂಟೆಗೆ. ಬೇಕಾದವರು ಕಾಯ್ಬೇಕು.”

ಹಾಲಿನಲ್ಲಿ ಗುಜುಗುಜು ಎದ್ದಿತು. “ಏನು ತಮಾಷೆ ಇದು?” ಎಂದು ಔಷಧಿ ಅಂಗಡಿಯವರು ಎದ್ದರು. “ಬೇಕರಿಯಿಂದ ತರಿಸ್ತೀನಿ, ಐದು ನಿಮಿಷ.”

“ಬೇಡ,” ಎಂದರು ಪಾದ್ರಿಗಳು. ಅವರ ದನಿ ಅವರಿಗೇ ಹೊಸದೆನಿಸಿರಬೇಕು. “ಈ ಮೇಜಿನ ರೊಟ್ಟಿ ಒಂದೇ. ನಾನೂ ಕಾಯ್ತೀನಿ.” ಬಟ್ಟೆಯನ್ನು ಮತ್ತೆ ಹೊದಿಸಿ, ಪೀಠದ ಮೆಟ್ಟಿಲ ಮೇಲೆ ಕುಳಿತೇಬಿಟ್ಟರು.

ಏಳೆಂಟು ಜನ ಸಿಟ್ಟಿನಿಂದ ಹೊರಟುಹೋದರು. ಉಳಿದವರು ಹೋಗಲೂ ಆಗದೆ ಕೂರಲೂ ಆಗದೆ ಒಬ್ಬರ ಮುಖ ಒಬ್ಬರು ನೋಡಿದರು. ಔಷಧಿ ಅಂಗಡಿಯವರು ಹೆಂಡತಿಗೆ, “ನಡಿ,” ಎಂದರು.

ಆಕೆ ಏಳಲಿಲ್ಲ. “ನೀವು ಹೋಗಿ. ನಾನು ಕಾಯ್ತೀನಿ,” ಎಂದಳು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ಗಂಡನ ಮಾತಿಗೆ ಎದುರು ಹೇಳಿದ್ದಳು. ಅವರು ದಡದಡ ಬಾಗಿಲವರೆಗೆ ಹೋದರು. ಅಲ್ಲಿಂದ ಮುಂದೆ ಹೋಗಲಿಲ್ಲ. ಬಾಗಿಲ ಕಂಬಕ್ಕೆ ಒರಗಿ, ಬೀದಿಯ ಕಡೆ ಮುಖ ಮಾಡಿ ನಿಂತರು.

ಹತ್ತಕ್ಕೆ ಐದು ನಿಮಿಷವಿರುವಾಗ ಹೆಡ್‌ಮಾಸ್ತರು ತಾಯಿಯ ಕುರ್ಚಿ ತಳ್ಳಿಕೊಂಡು ಬಂದರು. ಬಾಗಿಲಲ್ಲಿ ಕಂಬಕ್ಕೆ ಒರಗಿ ನಿಂತವರನ್ನು ನೋಡಿ ತಡೆದು ನಿಂತು, ಪಕ್ಕದಿಂದ ಕುರ್ಚಿ ತಳ್ಳಿಕೊಂಡು ಒಳಗೆ ಬಂದರು. ಒಳಗೆ, ತಾಯಿಯ ಕುರ್ಚಿ ನಿಲ್ಲುವ ಜಾಗದ ಪಕ್ಕದ ಬೆಂಚಿನಲ್ಲಿ ತಂಗಿ ಕುಳಿತಿದ್ದಳು. ಏಳಲು ಹೋದಳು. ಹೆಡ್‌ಮಾಸ್ತರು ಬೇಡವೆಂದು ತಲೆಯಾಡಿಸಿ, ಕುರ್ಚಿಯನ್ನು ಅವಳ ಪಕ್ಕಕ್ಕೇ ತಂದು ನಿಲ್ಲಿಸಿದರು.

“ಅಮ್ಮಾ,” ಎಂದಳು ಮಗಳು.

ಹಿರಿಯಮ್ಮ ಅವಳ ನರೆತ ಕೂದಲು, ಒದ್ದೆ ಕಣ್ಣು ನೋಡಿ ನಕ್ಕಳು. ಅಪರಿಚಿತರಿಗೆ ನಗುವ ಮರ್ಯಾದೆಯ ನಗು ಅದು. “ಯಾಕಮ್ಮ ಅಳ್ತೀಯಾ? ಯಾರ ಮನೆಯವಳು ನೀನು?” ಎಂದಳು.

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಹೆಡ್‌ಮಾಸ್ತರು ಬಗ್ಗಿ, “ಅಮ್ಮ, ಇವಳೇ ನಿನ್ನ ಮಗಳು. ನೋಡು, ಸರಿಯಾಗಿ ನೋಡು,” ಎಂದರು. ಮಕ್ಕಳಿಗೆ ಪಾಠ ಒಪ್ಪಿಸಿ ಎನ್ನುತ್ತಿದ್ದ ಆ ಗಡಸು ದನಿ ಅರ್ಧದಲ್ಲೇ ಒಡೆಯಿತು. ಹಿರಿಯಮ್ಮ ಪಾಪ ಎನ್ನುವಂತೆ ತಲೆಯಾಡಿಸಿದಳು. “ಇಲ್ಲಪ್ಪ. ನನ್ನ ಮಗಳ ಕೂದಲು ಇಷ್ಟು ಬೆಳ್ಳಗಿಲ್ಲ.”

ಗಂಟೆಯಮ್ಮ ರೊಟ್ಟಿಯ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು. ತಡವಾಗಿತ್ತು. ಒಂದು ವಾರ ಮೊದಲು, ಒಂದು ತಿಂಗಳು ಮೊದಲು ತನಗೆ ಈ ಬುದ್ಧಿ ಬಂದಿದ್ದರೆ!

ಅಷ್ಟರಲ್ಲಿ ಬಾಗಿಲಲ್ಲಿದ್ದವರು ಒಳಗೆ ಬಂದಿದ್ದರು. ಯಾವಾಗ ತಿರುಗಿದರೋ, ಎಷ್ಟು ಕೇಳಿಸಿಕೊಂಡರೋ. ಹೆಂಡತಿಯ ಹಿಂದೆ ಬಂದು ನಿಂತ ಔಷಧಿ ಅಂಗಡಿಯವರನ್ನು ಕಂಡು ಹಿರಿಯಮ್ಮನ ಮುಖ ಅರಳಿತು. ಆ ಉದ್ದ ಮೂಗು, ಆ ದಪ್ಪ ಹುಬ್ಬು ಅವಳ ನೆನಪಿನ ಯಾವ ಮೂಲೆಯಲ್ಲಿ ಉಳಿದಿದ್ದವೋ!

“ಅಯ್ಯೋ, ಅಳಿಯಂದ್ರು! ಬನ್ನಿ ಬನ್ನಿ, ಕೂತ್ಕೊಳ್ಳಿ,” ಎಂದಳು. ಆಮೇಲೆ ಅವರ ಹಿಂದೆ ಇಣುಕಿ ನೋಡಿ, ತಾಯಿಯೊಬ್ಬಳು ಆಕ್ಷೇಪಿಸುವ ಹಕ್ಕಿನಿಂದಲೇ ಕೇಳಿದಳು: “ಒಬ್ರೇ ಬಂದ್ರಾ? ನನ್ನ ಮಗಳನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?”

ಔಷಧಿ ಅಂಗಡಿಯವರು ಹೆಂಡತಿಯ ಬಾಗಿದ ತಲೆಯನ್ನು ನೋಡಿದರು. ಆ ಕಡೆ ನಿಂತಿದ್ದ ಭಾವನನ್ನು ನೋಡಿದರು. ನಿಧಾನವಾಗಿ ಮಂಡಿಯೂರಿ ಅತ್ತೆಯ ಕೈ ಹಿಡಿದುಕೊಂಡರು.

“ತಪ್ಪಾಯ್ತು ಅತ್ತೆ,” ಎಂದರು. “ಕರ್ಕೊಂಡು ಬರ್ಬೇಕಾಗಿತ್ತು. ನನ್ನದೇ ತಪ್ಪು.”

“ನನ್ನದೂ,” ಎಂದರು ಹೆಡ್‌ಮಾಸ್ತರು.

ಅವರು ಬೆಂಚಿನಲ್ಲಿ ತಂಗಿಯ ಆಚೆ ಕುಳಿತು, ಒಳಗೆ ಸರಿದು ಔಷಧಿ ಅಂಗಡಿಯವರಿಗೆ ಜಾಗ ಮಾಡಿಕೊಟ್ಟರು. ಹಿರಿಯಮ್ಮ, ಪಕ್ಕದಲ್ಲಿ ಅಳುತ್ತಿದ್ದ ಆ ಗುರುತಿಲ್ಲದ ಹೆಂಗಸಿನ ಬೆನ್ನು ಸವರತೊಡಗಿದಳು. ನಾಲ್ವರೂ ಕುಳಿತಾದ ಮೇಲೆ ಗಂಟೆಯಮ್ಮ ಮುಂದೆ ಹೋಗಿ, ರೊಟ್ಟಿಯ ತಟ್ಟೆಯನ್ನು ಪಾದ್ರಿಗಳ ಕೈಗೆ ಕೊಟ್ಟಳು.