ಹಾಲಿನ ಮನೆಗೆ ಬಂದ ಇಟಲಿ ಹೋರಿ

ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ನಾಳೆಯಿಂದ ನಾನು ಕುಡಿಯುವ ಚಹಾದ ಹಾಲು ಒಲೆಯ ಮೇಲೇ ಒಡೆಯಲಿ. ಮುಗದದ ಹೊಳೆಯಪ್ಪ ಹಳೇ ಹುಬ್ಬಳ್ಳಿಯ ದಸ್ತಗೀರಸಾಬನ ಗ್ಯಾರೇಜಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಇಟಲಿ ದೇಶದ ಕೆಂಪು ಮೋಟಾರ್‌ಸೈಕಲ್ಲಿನ ಹೊಟ್ಟೆಯ ಕೆಳಗೆ ಕೈಯಾಡಿಸಿ, ಆಮೇಲೆ ಎದ್ದು ಅದರ ಹಿಂಭಾಗಕ್ಕೆ ಒಂದು ಗುದ್ದು ಹಾಕಿದ್ದು ಖರೆ.

"ಏನ ಮಾಡಾಕತ್ತೀಯೋ ಮಾರಾಯಾ?" ಎಂದ ದಸ್ತಗೀರಸಾಬ, ನಟ್ಟು ಬಿಚ್ಚುವ ಪಾನಾ ಕೈಯಲ್ಲೇ ಹಿಡಿದು.

"ಒದೀತೈತೇನ ನೋಡಾಕತ್ತೇನಿ."

ಹೊಳೆಯಪ್ಪನಿಗೆ ಐವತ್ತು ದಾಟಿತ್ತು. ಅಲ್ಲಿಯವರೆಗೆ ಮೋಟಾರ್‌ಸೈಕಲ್ ಹತ್ತಿದವನಲ್ಲ. ಇಪ್ಪತ್ತೆರಡು ವರ್ಷ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿ ಧಾರವಾಡದ ಮಾಳಮಡ್ಡಿಗೆ ಹಾಲು ಹಾಕಿದ್ದ. ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಬಲಮೊಣಕಾಲು ಬಾತುಕೊಂಡಿತು. ಆರಕ್ಕೆ ಮುಟ್ಟುತ್ತಿದ್ದ ಹಾಲು ಏಳಕ್ಕೆ, ಏಳೂವರೆಗೆ ಮುಟ್ಟತೊಡಗಿತು. ಮೂವತ್ತು ಮನೆಗಳಲ್ಲಿ ಹನ್ನೊಂದು ಉಳಿದವು. ಬೇರೆಯವರೆಲ್ಲ ಪಾಕೀಟು ಹಾಲು ಹಚ್ಚಿಕೊಂಡರು. ಆ ಹನ್ನೊಂದೂ ಉಳಿದದ್ದು ದಾಕ್ಷಾಯಿಣಿ ಅಕ್ಕೋರ ಮುಲಾಜಿಗೆ. ಅವರು ಸಾಲಿಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರೂ ಇಡೀ ಓಣಿ ಅವರು ಕೂಡೆಂದರೆ ಕೂಡುತ್ತಿತ್ತು, ಏಳೆಂದರೆ ಏಳುತ್ತಿತ್ತು. ಹೋದ ವಾರ ಅವರೇ ಬಾಗಿಲಲ್ಲಿ ನಿಂತು ಹೇಳಿದ್ದರು:

"ಹೊಳೆಯಪ್ಪಾ, ನಾನರ ಎಷ್ಟ ದಿನ ತಡಕೋಲಿ? ಸೋಮವಾರ ಆರಕ್ಕ ಬಂದ್ರ ಬಾ. ಇಲ್ಲಂದ್ರ ನಾನೂ ಪಾಕೀಟ ಹಚ್ಚತೇನಿ."

ಅಕ್ಕೋರು ಹೋದರೆ ಓಣಿ ಹೋಯಿತು. ಓಣಿ ಹೋದರೆ ಕೊಟ್ಟಿಗೆಯಲ್ಲಿದ್ದ ನಾಲ್ಕು ಎಮ್ಮೆಗಳ ಹಾಲು ಯಾರ ಪಾತೇಲಿಗೆ? ಅದಕ್ಕೇ ಅವನು ಗಾಡಿ ಕೊಳ್ಳಲು ಬಂದದ್ದು.

ದಸ್ತಗೀರಸಾಬನ ಹತ್ತಿರ ಎರಡೇ ಗಾಡಿಗಳಿದ್ದವು, ಎರಡಕ್ಕೂ ಒಂದೇ ರೇಟು. ಒಂದು ಕರಿಯದು, ಹಳೆಯದು, ಹಾಲಿನವರೂ ಪೇಪರಿನವರೂ ಓಡಿಸುವಂಥದು. ಇನ್ನೊಂದು ಈ ಕೆಂಪು ಇಟಲಿಯದು.

"ಗೋವಾದಾಗ ಯಾವನೋ ಪರದೇಶಿ ಬಿಟ್ಟು ಹ್ವಾದ. ಇದು ಪಂದ್ಯದ ಗಾಡಿ ಕಾಕಾ. ಇದರ ಸಾಮಾನ ಈ ಕಡೆ ಸಿಗಂಗಿಲ್ಲ, ಅದಕ್ಕ ಯಾರೂ ಒಯ್ಯವಲ್ರು. ನನ್ನ ಮಾತ ಕೇಳು, ಕರೇದ ಒಯ್ಯಿ."

ಹೊಳೆಯಪ್ಪ ನಕ್ಕ. ಮುಗದದಲ್ಲಿ ಯಾರೇ ಎತ್ತು ಕೊಳ್ಳಲಿ, ಸಂತೆಗೆ ಅವನನ್ನು ಕರೆದೊಯ್ಯುತ್ತಿದ್ದರು. ಮೈಮೇಲಿನ ಕೂದಲ ಸುಳಿ ಶುಭವೋ ಅಶುಭವೋ ನೋಡಿ, ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ಅವನು ಹೂಂ ಎಂದರೆ ಮುಗಿಯಿತು. ಮೂವತ್ತು ವರ್ಷಗಳಲ್ಲಿ ಅವನು ಆರಿಸಿದ ಒಂದು ಎತ್ತೂ ಮೈಗಳ್ಳನಾಗಿರಲಿಲ್ಲ. ಇನ್ನು ಇವನು ತನಗೆ ಕಲಿಸುವುದೇ?

ಕರಿಯ ಗಾಡಿಯ ಪೆಟ್ರೋಲು ಟಾಕಿಯ ಮೇಲೆ, ಸವಾರ ಕೂಡುವ ಜಾಗದ ಮುಂದೆಯೇ, ಬಣ್ಣ ಕೆತ್ತಿಹೋಗಿ ದುಂಡಗೆ ಸುತ್ತಿಕೊಂಡ ಗೆರೆಯೊಂದಿತ್ತು. ಹೊಳೆಯಪ್ಪ ಅದರ ಮೇಲೆ ಬೆರಳಿಟ್ಟ.

"ಬೆನ್ನ ಸುಳಿ. ಮಾಲಕನ್ನ ಉಳಸಂಗಿಲ್ಲ ಇದು."

"ಅದು ಸುಳಿ ಅಲ್ಲೋ, ಬಕೀಟ ಬಡದದ್ದು!"

"ನೀ ಸುಮ್ಮಕಿರು. ಇದನ್ನ ನೋಡು." ಅವನು ಕೆಂಪು ಗಾಡಿಯ ಸುತ್ತ ಮೂರು ಸುತ್ತು ಬಂದ. ತುಂಬಿದ ಎದೆ, ಸಣ್ಣ ನಡು, ಎತ್ತರದ ಹಿಂಭಾಗ, ನೆಲ ಮೂಸುವಂತೆ ಬಾಗಿದ ಮೋತಿ. "ಥೇಟ ಖಿಲಾರಿ ಹೋರಿ! ಮೈಮ್ಯಾಲ ಒಂದ ಕಲಿ ಇಲ್ಲ."

ದಸ್ತಗೀರಸಾಬ ಅರ್ಧ ತಾಸು ಕ್ಲಚ್ಚು, ಗೇರು, ಬ್ರೇಕು ತೋರಿಸಿದ. ಆಮೇಲೆ ಆಕಾಶಕ್ಕೊಂದು ಕೈ ಮುಗಿದು ಗಾಡಿಯನ್ನು ಟೆಂಪೋದಲ್ಲಿ ಹೇರಿ ಕಳಿಸಿದ.

ಮನೆಯ ಮುಂದೆ ಹೆಂಡತಿ ರುಕ್ಮವ್ವ ಆರತಿ ತಟ್ಟೆ ಹಿಡಿದು ಬಂದಳು. ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಳು. ಹಿಂದಕ್ಕೆ ಬಂದು ನೋಡಿದಳು, ಮುಂದಕ್ಕೆ ಬಂದು ನೋಡಿದಳು.

"ನಾ ಎಲ್ಲಿ ಕೂಡ್ಲಿ?"

ಹೊಳೆಯಪ್ಪನೂ ಆಗಲೇ ನೋಡಿದ್ದು. ಅದಕ್ಕೆ ಒಬ್ಬನ ಸೀಟು ಬಿಟ್ಟರೆ ಹಿಂದೆ ಸೀಟೇ ಇರಲಿಲ್ಲ.

"ಕ್ಯಾನ ಕಟ್ಟಾಕ ಜಾಗಾ ಬೇಕಲ್ಲ," ಎಂದ.

ರುಕ್ಮವ್ವ ಕುಂಕುಮವನ್ನು ಗಾಡಿಗೂ ಹಚ್ಚಿ, ಗಂಡನ ಹಣೆಗೂ ಹಚ್ಚಿದಳು. "ಹಾಲಿನ ಮನಿಗೆ ಎಮ್ಮಿ ತರತಾರ. ನೀವು ಓಟದ ಶರತ್ತಿನ ಹೋರಿ ತಂದೀರಿ."

ಸೋಮವಾರ ಐದಕ್ಕೆ ಎರಡು ಕ್ಯಾನು ಬಿಗಿದು ಹೊರಟ. ಆ ಗಾಡಿಯ ಮೊದಲನೇ ಗೇರು ಅಂದರೆ ನಮ್ಮ ಬಸ್ಸಿನ ಕಡೆಯ ಗೇರು. ಊರ ನಾಯಿ ಬೊಗಳಲು ಬಾಯಿ ತೆರೆದದ್ದು, ಇವನು ಹಳ್ಳ ದಾಟಿದ ಮೇಲೆ ಬೊಗಳಿತು. ಮುಗದ ಸ್ಟೇಷನ್ ಬಿಟ್ಟ ಪ್ಯಾಸೆಂಜರ್ ಗಾಡಿಯನ್ನು ಕ್ಯಾರಕೊಪ್ಪದ ಹತ್ತಿರ ಹಿಂದೆ ಹಾಕಿದ. ಹೊಳೆಯಪ್ಪನಿಗೆ ಮಾತ್ರ ಅದೇನೂ ಕಾಣಲಿಲ್ಲ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು, ಹುಟ್ಟಿದಾಗಿನಿಂದ ಚಕ್ಕಡಿ ಹೊಡೆದ ಕೈಗಳಿಂದ, "ಹೋ... ಹೋ... ನಿಂದರಪಾ ನನ್ನಪ್ಪಾ" ಎಂದು ಹಿಡಿಕೆಯನ್ನು ತನ್ನ ಕಡೆ ಎಳೆಯುತ್ತಿದ್ದ. ಹಗ್ಗ ಎಳೆದರೆ ಎತ್ತು ನಿಲ್ಲುತ್ತದೆ. ಆ ಗಾಡಿಯ ಬಲಗೈ ಹಿಡಿಕೆ ಹಿಂದಕ್ಕೆ ತಿರುಗಿದಷ್ಟೂ ಅದು ಮುಂದಕ್ಕೆ ಜಿಗಿಯುತ್ತದೆ. ಬ್ರೇಕು ಎಲ್ಲಿದೆಯೆಂದು ದಸ್ತಗೀರಸಾಬ ತೋರಿಸಿದ್ದ. ಒಂದು ಇದ್ದದ್ದು ಬಲಗಾಲಿನ ಕೆಳಗೆ, ಬಾತ ಮೊಣಕಾಲು ಬಗ್ಗಲೊಲ್ಲದು; ಇನ್ನೊಂದು ಬಲಗೈ ಬೆರಳ ಮುಂದೆ, ಹಿಡಿಕೆಗೆ ಬಿಗಿದ ಮುಷ್ಟಿ ಬಿಚ್ಚಲೊಲ್ಲದು.

ಐದೂ ಇಪ್ಪತ್ತಕ್ಕೆ ಮಾಳಮಡ್ಡಿ ಬಂತು. ಅಕ್ಕೋರ ಮನೆಯೂ ಬಂತು, ಹೋಯಿತು. ಸದ್ದಿಗೆ ಎದ್ದು ಅವರು ಪಾತೇಲಿ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಇವನು ಓಣಿ ಸುತ್ತಿ ಎರಡನೇ ಸಲ ಬಂದಿದ್ದ.

"ಹೊಳೆಯಪ್ಪಾ, ಹಾಲು!"

"ನಿಂದ್ರವಲ್ಲದ್ರೀ ಅಕ್ಕೋರ!"

ಮೂರನೇ ಸುತ್ತಿಗೆ ಹನ್ನೊಂದು ಬಾಗಿಲುಗಳಲ್ಲಿ ಹನ್ನೊಂದು ಪಾತೇಲಿಗಳು ನಿಂತಿದ್ದವು. ಹತ್ತನೇ ಸುತ್ತಿಗೆ ಜನ ನಗುವುದನ್ನು ಬಿಟ್ಟರು. ಹೊಳೆಯಪ್ಪ ಪ್ರತಿ ಮನೆಯ ಮುಂದೆಯೂ ತಲೆ ಬಾಗಿಸಿ, "ಬಂದೆನ್ರಿ, ಬಂದೆನ್ರಿ" ಎನ್ನುತ್ತ ಹಾಯುತ್ತಿದ್ದ. ಪೆಟ್ರೋಲು ತೀರಿ ಗಾಡಿ ತಾನಾಗಿ ನಿಂತಾಗ ಆರೂ ಇಪ್ಪತ್ತು. ನಿಂತದ್ದು ಸರಿಯಾಗಿ ಅಕ್ಕೋರ ಬಾಗಿಲಲ್ಲೇ.

ಅವನು ಇಳಿದು ಕ್ಯಾನಿನ ಮುಚ್ಚಳ ತೆಗೆದ. ಒಳಗೆ ಮಗುವಿನ ತಲೆಯಷ್ಟು ಬೆಣ್ಣೆಯ ಉಂಡೆ ತೇಲುತ್ತಿತ್ತು. ಕೆಳಗೆಲ್ಲ ನೀರುನೀರು ಮಜ್ಜಿಗೆ. ಇನ್ನೊಂದರಲ್ಲೂ ಅಷ್ಟೇ.

ಅಕ್ಕೋರು ಬಗ್ಗಿ ನೋಡಿದರು. "ಬೆಣ್ಣಿ ಛಲೋ ಬಂದೈತೋ ಹೊಳೆಯಪ್ಪಾ," ಎಂದರು, ಬೈಯದೆ. "ಆದ್ರ ಚಹಾಕ್ಕ ಬೆಣ್ಣಿ ಹಾಕಾಕ ಬರಂಗಿಲ್ಲಲ್ಲಪಾ."

ಪಾತೇಲಿ ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಅದರ ಹಿಂದೆಯೇ ಹತ್ತು ಬಾಗಿಲುಗಳು, ಒಂದಾದ ಮೇಲೊಂದು.

ಆಮೇಲೆ ಮೂರು ಎಮ್ಮೆಗಳು ಮಾರಿಹೋದವು, ಒಂದು ಉಳಿಯಿತು. ಗಾಡಿಯನ್ನು ಕೊಳ್ಳುವವರು ಸಿಗಲಿಲ್ಲ. ದೀಪಾವಳಿಯ ಮುಂದೆ ಪಕ್ಕದ ಹೊಲದ ಉಳವಪ್ಪ ಬಂದು, "ಕಾಕಾ, ಸಂತಿಗೆ ಬಾ. ಒಂದ ಜೋಡಿ ಎತ್ತ ನೋಡಿ ಕೊಡು," ಎಂದ. ಹೊಳೆಯಪ್ಪ ಹಗ್ಗ ಹೊಸೆಯುತ್ತ ಕುಳಿತಿದ್ದ, ತಲೆ ಎತ್ತಲಿಲ್ಲ. "ನೀನ ನೋಡಕೋಪಾ. ನನಗ ಈಗ ಏನೂ ಕಾಣವಲ್ದು."

ಕೆಂಪು ಗಾಡಿ ಈಗಲೂ ಕೊಟ್ಟಿಗೆಯಲ್ಲಿದೆ. ಕೊರಳಿಗೆ ಹಗ್ಗ ಕಟ್ಟಿದ್ದಾರೆ. ಪಕ್ಕದ ಎಮ್ಮೆ ಕುಳಿತಲ್ಲಿಂದಲೇ ದಿನಾ ಅದರ ಟಾಕಿ ನೆಕ್ಕುತ್ತದೆ. ನಾಲಿಗೆ ಮುಟ್ಟುವಷ್ಟು ಜಾಗದ ಬಣ್ಣ ಸವೆದು, ಬೆಳ್ಳಗೆ ದುಂಡಗೆ ಒಂದು ಸುಳಿಯಾಗಿದೆ.

ನಂಬಿಕೆ ಬರದಿದ್ದರೆ ಮುಗದಕ್ಕೆ ಹೋಗಿ ಬೆರಳಿಟ್ಟು ನೋಡಿ. ಅದಕ್ಕೂ ಮೊದಲು, ಇಷ್ಟು ಹೊತ್ತು ಬಾಯಿ ಒಣಗಿಸಿಕೊಂಡಿದ್ದೇನೆ, ನನಗೊಂದು ಚಹಾ ಹೇಳಿ. ಪಾಕೀಟು ಹಾಲಿನದು ನಡೆಯುವುದಿಲ್ಲ.